ಟವೆಲ್ ಕೆಳಗಿನ ಬೆರಳು: ಆರ್‌ಸಿಬಿ ಮಾಲೀಕರಿಗೊಂದು ಬಹಿರಂಗ ಪತ್ರ

ಜಡಿಗೇನಹಳ್ಳಿ, ಹೊಸಕೋಟೆ ತಾಲ್ಲೂಕು
12 ನವೆಂಬರ್ 2025

ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಮಾನ್ಯ ಮಾಲೀಕರಿಗೆ, ಕ್ರಿಕೆಟ್ ನಿರ್ದೇಶಕ ಮೋ ಬೊಬಾಟ್ ಅವರಿಗೆ, ಕೋಚ್ ಆ್ಯಂಡಿ ಫ್ಲವರ್ ಅವರಿಗೆ, ಹರಾಜಿನಲ್ಲಿ ಕೈ ಎತ್ತುವ ಎಲ್ಲ ಮಹನೀಯರಿಗೆ,

ನೀವು ಕೇಳಲಿಲ್ಲ, ಆದರೂ ಸಲಹೆ ಕೊಡುತ್ತಿದ್ದೇವೆ. ಕೇಳಿದ ಮೇಲೆ ಕೊಡುವುದು ವಕೀಲರ ಪದ್ಧತಿ. ನಮ್ಮ ಕಡೆ ಆ ಅಭ್ಯಾಸವಿಲ್ಲ.

ಹೊಸಕೋಟೆಯಿಂದ ಮಾಲೂರಿನ ಕಡೆ ಹೊರಟರೆ ನಮ್ಮೂರು ಸಿಗುತ್ತದೆ. ಈಗ ರಾಗಿ ಕೊಯ್ಲಿನ ಕಾಲ. ಕೊಯ್ಲಿಗೆ ಆಳೇ ಸಿಗುತ್ತಿಲ್ಲ ಅಂತ ಗೊಣಗುವವರೆಲ್ಲ ಬೆಳಗಾಗುವ ಹೊತ್ತಿಗೆ ಟೀ ಅಂಗಡಿ ಮುಂದಿನ ಕಟ್ಟೆಯ ಮೇಲೆ ಹಾಜರಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಾವು ಸುಮ್ಮನೆ ಐಪಿಎಲ್ ಮ್ಯಾಚ್ ನೋಡುತ್ತೇವೆ. ನಮ್ಮ ಆಟ ಶುರುವಾಗುವುದು ಈಗ, ಮೈದಾನದಲ್ಲಿ ಯಾರೂ ಇಲ್ಲದಾಗ. ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಕೈಬಿಡುವುದು, ಯಾರನ್ನು ಕೊಟ್ಟು ಯಾರನ್ನು ತರುವುದು. ನೀವು 15ನೇ ತಾರೀಖಿನೊಳಗೆ ಪಟ್ಟಿ ಕೊಡಬೇಕಂತೆ. ನಮ್ಮದು ದೀಪಾವಳಿಗೆ ಮುಂಚೆಯೇ ಸಿದ್ಧವಾಗಿದೆ.

ಮೊದಲ ಠರಾವು ಸರ್ವಾನುಮತದ್ದು. ಲಿಯಾಮ್ ಲಿವಿಂಗ್‌ಸ್ಟನ್‌ಗೆ ನೀವು ಕೊಟ್ಟಿದ್ದು 8.75 ಕೋಟಿ, ಅವರು ಇಡೀ ಟೂರ್ನಿಯಲ್ಲಿ ಹೊಡೆದಿದ್ದು 112 ರನ್. ಅವರನ್ನು ಡೆಲ್ಲಿಗೆ ಕೊಡಿ, ಮೇಲೆ 5.25 ಕೋಟಿ ಇಡಿ, ಸರಿಯಾಗಿ 14 ಕೋಟಿ ಆಯಿತು, ಆ ಬೆಲೆಯ ಕೆ.ಎಲ್. ರಾಹುಲ್ ಅವರನ್ನು ಮನೆಗೆ ಕರೆದುಕೊಂಡು ಬನ್ನಿ. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ. ಡೆಲ್ಲಿಯವರು ಯಾಕೆ ಒಪ್ಪುತ್ತಾರೆ ಎಂದು ಒಬ್ಬ ಹುಡುಗ ಕೇಳಿದ. "ಏಯ್, ನೀನು ಡೆಲ್ಲಿ ಕಡೆಯವನೇನೋ?" ಅಂತ ಅವನ ಬಾಯಿ ಮುಚ್ಚಿಸಿದ್ದಾಯಿತು.

ಎರಡನೆಯದು, ಎರಡೇ ಮ್ಯಾಚ್ ಆಡಿದ ರಸಿಖ್ ಸಲಾಂ ಅವರನ್ನು ಗುಜರಾತಿಗೆ ಕೊಟ್ಟು ಪ್ರಸಿದ್ಧ್ ಕೃಷ್ಣ ಅವರನ್ನು ತರುವುದು. ಪ್ರಸಿದ್ಧ್ ಈ ಸಲ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡವರು. ಗುಜರಾತಿನವರು ವ್ಯಾಪಾರಸ್ಥರು, ನಮ್ಮ ಮಾತಿನ ಮರ್ಮ ಅವರಿಗೆ ಅರ್ಥವಾಗುತ್ತದೆ ಎಂಬುದು ಕಟ್ಟೆಯ ನಂಬಿಕೆ. ರಾಜಸ್ಥಾನ ಸಂಜು ಸ್ಯಾಮ್ಸನ್ ಅವರನ್ನು ಕೊಡುತ್ತದಂತೆ, ಚೆನ್ನೈ ಜಡೇಜ ಅವರನ್ನು ಬಿಡುತ್ತದಂತೆ ಎಂಬ ಸುದ್ದಿ ಪೇಪರಿನಲ್ಲಿ ಓದಿದ ಮೇಲಂತೂ ನಮ್ಮ ಧೈರ್ಯ ಹೆಚ್ಚಿದೆ. ಚೆನ್ನೈನವರೇ ಜಡೇಜ ಅವರನ್ನು ಬಿಡುವ ಕಾಲದಲ್ಲಿ ಏನು ತಾನೇ ಆಗಬಾರದು?

ನಿಮಗೆ ಅನ್ನಿಸಬಹುದು, ಹಳ್ಳಿ ಜನಕ್ಕೆ ಟ್ರೇಡ್ ವಿಷಯ ಏನು ಗೊತ್ತು ಅಂತ. ಸ್ವಾಮಿ, ನಮ್ಮ ಜಿಲ್ಲೆಯಲ್ಲೇ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನಡೆಯುತ್ತದೆ. ಒಂದು ಸಲ ಬನ್ನಿ. ಅಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವವನು ಮೊದಲು ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ಆಮೇಲೆ ಸುಳಿ, ಆಮೇಲೆ ಗೊರಸು, ಕೊನೆಗೆ ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ಕೊಂಬಿಗೆ ಬಣ್ಣ ಹೊಡೆದು ಟೇಪು ಸುತ್ತಿದ್ದಾರೆ ಅಂತ ರೇಟು ಏರಿಸುವುದಿಲ್ಲ. ಆಮೇಲೆ ದಲ್ಲಾಳಿ ಟವೆಲ್ ಹಾಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನಿಮ್ಮ ಟ್ರೇಡೂ ಹೀಗೇ. ಒಳಗೆ ಎಷ್ಟು ಬೆರಳು ಅಂತ ಕೊಟ್ಟವರಿಗೆ, ತೆಗೆದುಕೊಂಡವರಿಗೆ ಮಾತ್ರ ಗೊತ್ತು. ವ್ಯತ್ಯಾಸ ಒಂದೇ. ನಮ್ಮವರು ಟವೆಲ್ ತೆಗೆದ ಮೇಲೆ ಎತ್ತು ಹೊಡೆದುಕೊಂಡು ಮನೆಗೆ ಹೋಗುತ್ತಾರೆ. ನೀವು ಬಹಳ ಸಲ ಟವೆಲ್ ಹೊದ್ದುಕೊಂಡು ಹೋಗಿದ್ದೀರಿ.

ಸುಮ್ಮನೆ ಆಪಾದನೆ ಮಾಡುತ್ತಿಲ್ಲ, ನಿಮ್ಮ ದಾನಧರ್ಮದ ಪುಸ್ತಕ ನಮ್ಮ ಬಾಯಲ್ಲೇ ಇದೆ. 2008ರಲ್ಲಿ ಟಿ20 ಆಡುವುದಕ್ಕೆ ಟೆಸ್ಟ್ ತಂಡ ಕಟ್ಟಿ, ಚಿನ್ನಸ್ವಾಮಿಯಲ್ಲಿ ಮೊದಲ ಮ್ಯಾಚಿನಲ್ಲೇ 82ಕ್ಕೆ ಆಲೌಟ್ ಆದದ್ದನ್ನು ಬಿಟ್ಟುಬಿಡೋಣ, ಅದು ಬಾಲ್ಯ. ಮರುವರ್ಷ ಜಹೀರ್ ಖಾನ್ ಅವರನ್ನು ಮುಂಬೈಗೆ ಕೊಟ್ಟು ರಾಬಿನ್ ಉತ್ತಪ್ಪ ಅವರನ್ನು ತಂದಿರಿ. ಸಂತೋಷ, ಕೊಡಗಿನ ಹುಡುಗ, ನಮ್ಮವರು. ಆಮೇಲೆ ಅವರನ್ನೂ ಬಿಟ್ಟಿರಿ. 2014ರಲ್ಲಿ ಅವರು 660 ರನ್ ಹೊಡೆದು ಕೋಲ್ಕತ್ತಕ್ಕೆ ಕಪ್ ಗೆಲ್ಲಿಸಿದರು. ಕೆ.ಎಲ್. ರಾಹುಲ್ ಅವರನ್ನು 2016ಕ್ಕೆ ಹೈದರಾಬಾದಿನಿಂದ ಟ್ರೇಡಿನಲ್ಲೇ ತಂದಿರಿ, ಅವರು 397 ರನ್ ಹೊಡೆದರು, ತಂಡ ಫೈನಲ್‌ಗೆ ಹೋಯಿತು. 2018ರ ಹರಾಜಿಗೆ ಮುಂಚೆ ಉಳಿಸಿಕೊಂಡಿದ್ದು ಯಾರನ್ನು? ಕೊಹ್ಲಿ, ಡಿವಿಲಿಯರ್ಸ್ ಸರಿ. ಮೂರನೆಯವರು ಸರ್ಫರಾಜ್ ಖಾನ್. ರಾಹುಲ್ 11 ಕೋಟಿಗೆ ಪಂಜಾಬಿಗೆ ಹೋಗಿ ಆ ವರ್ಷವೇ 659 ರನ್ ಹೊಡೆದರು. ಕ್ವಿಂಟನ್ ಡಿ ಕಾಕ್ ಅವರನ್ನು ತಂದ ಬೆಲೆಗೇ, 2.8 ಕೋಟಿಗೆ, ಮುಂಬೈಗೆ ದಾಟಿಸಿದಿರಿ. ಅವರು ಹೋದ ಮೇಲೆ ಮುಂಬೈ 2019ರಲ್ಲಿ ಒಂದು, 2020ರಲ್ಲಿ ಇನ್ನೊಂದು ಕಪ್ ಎತ್ತಿತು. ಶೇನ್ ವಾಟ್ಸನ್ ನಿಮ್ಮಲ್ಲಿ 9.5 ಕೋಟಿಯ ಆಟಗಾರ. ಚೆನ್ನೈ ಅವರನ್ನು 4 ಕೋಟಿಗೆ ಕೊಂಡಿತು, 2018ರ ಫೈನಲ್‌ನಲ್ಲಿ ಅವರು 117 ಹೊಡೆದು ಔಟಾಗದೆ ಉಳಿದರು.

ಯಜುವೇಂದ್ರ ಚಹಲ್ ವಿಷಯ ಬಂದರೆ ಕಟ್ಟೆಯಲ್ಲಿ ಇವತ್ತಿಗೂ ಟೀ ತಣ್ಣಗಾಗುತ್ತದೆ. ಚಿನ್ನಸ್ವಾಮಿಯಂಥ ಬೆಂಕಿಪೊಟ್ಟಣದಷ್ಟು ಮೈದಾನದಲ್ಲಿ ಸ್ಪಿನ್ ಹಾಕಿ ನಿಮಗೆ 139 ವಿಕೆಟ್ ಕೊಟ್ಟವರು. 2022ಕ್ಕೆ ಬಿಟ್ಟುಬಿಟ್ಟಿರಿ. ರಾಜಸ್ಥಾನಕ್ಕೆ ಹೋಗಿ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡರು, ಅದೇ ರಾಜಸ್ಥಾನ ನಿಮ್ಮನ್ನು ಎರಡನೇ ಕ್ವಾಲಿಫೈಯರ್‌ನಲ್ಲಿ ಮನೆಗೆ ಕಳಿಸಿತು. 2023ರಲ್ಲಿ ಶಹಬಾಜ್ ಅಹ್ಮದ್ ಅವರನ್ನು ಹೈದರಾಬಾದಿಗೆ ಕೊಟ್ಟು ಮಯಂಕ್ ದಾಗರ್ ಅವರನ್ನು ತಂದಿರಿ. ಮರುವರ್ಷದ ಕ್ವಾಲಿಫೈಯರ್‌ನಲ್ಲಿ ಶಹಬಾಜ್ ಪಂದ್ಯಶ್ರೇಷ್ಠ. ಶಹಬಾಜ್ ಹೋದ ತಿಂಗಳೇ ಮುಂಬೈನಿಂದ ಕ್ಯಾಮರಾನ್ ಗ್ರೀನ್ ಬಂದರು, 17.5 ಕೋಟಿ ನಗದು. ಅವರನ್ನು ಬಿಟ್ಟುಕೊಟ್ಟ ಮುಂಬೈ ಹಾರ್ದಿಕ್ ಪಾಂಡ್ಯ ಅವರನ್ನು ಗುಜರಾತಿನಿಂದ ಮನೆಗೆ ಕರೆದುಕೊಂಡಿತು. ಎದುರು ತಂಡದ ಮಗಳ ಮದುವೆಗೆ ನಮ್ಮ ಚಪ್ಪರ, ನಮ್ಮ ಊಟ! ನ್ಯಾಯವಾಗಿ ಹೇಳಬೇಕಾದ್ದೂ ಒಂದಿದೆ. ಡೆಲ್ಲಿಯಿಂದ ಹರ್ಷಲ್ ಪಟೇಲ್ ಅವರನ್ನು ಟ್ರೇಡಿನಲ್ಲಿ ತಂದಿರಿ, 2021ರಲ್ಲಿ ಅವರು 32 ವಿಕೆಟ್ ತೆಗೆದರು. ದೇವರು ಆ ದಿನ ಟವೆಲ್ ಕೆಳಗೇ ಇದ್ದ.

ಈ ಟ್ರೇಡ್ ಎಂಬ ವಿದ್ಯೆಯಲ್ಲಿ ಪಳಗಿದವರು ಅಮೆರಿಕದ ಬೇಸ್‌ಬಾಲಿನವರು. ಚಳಿಗಾಲದಲ್ಲಿ ಆಟ ಇರುವುದಿಲ್ಲ, ಆಗ ಇಡೀ ಊರು ಇದೇ ಮಾತಾಡುತ್ತದೆ, ನಮ್ಮ ಕಟ್ಟೆಯ ಹಾಗೆ. ಅಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಎಂಬ ತಂಡ 1918ರಲ್ಲಿ ಚಾಂಪಿಯನ್ ಆಯಿತು. ಮರುವರ್ಷದ ಕೊನೆಯಲ್ಲಿ ಬೇಬ್ ರೂಥ್ ಎಂಬ ಆಟಗಾರನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿತು. ಅಲ್ಲಿಯವರೆಗೆ ಒಂದು ಕಪ್ಪನ್ನೂ ಕಾಣದ ಯಾಂಕೀಸ್ ಆಮೇಲೆ ಸಾಲುಸಾಲಾಗಿ ಗೆದ್ದಿತು. ಬಾಸ್ಟನ್‌ಗೆ ಮುಂದಿನ ಕಪ್ ಸಿಕ್ಕಿದ್ದು 2004ರಲ್ಲಿ, 86 ವರ್ಷದ ಮೇಲೆ. ರೂಥ್ ಶಾಪ ಅಂತ ಅವರು ತಲೆಮಾರುಗಟ್ಟಲೆ ಅತ್ತರು. ಅವರು ಮಾರಿದ್ದು ಒಬ್ಬ ರೂಥ್. ನೀವು ಎಷ್ಟು ಜನರನ್ನು ಕಳಿಸಿಯೂ 18ನೇ ಟೂರ್ನಿಯಲ್ಲೇ ಗೆದ್ದಿರಿ ಅಂದರೆ ನಿಮ್ಮ ಹಿರಿಯರ ಪುಣ್ಯ ದೊಡ್ಡದು.

ನಿಷ್ಠೆ ಬದಲಿಸುವವರ ಮೇಲೆ ನಮಗೆ ಸಿಟ್ಟಿದೆ ಎಂದು ತಿಳಿಯಬೇಡಿ. ಇದು ಹೊಸಕೋಟೆ ಕ್ಷೇತ್ರ. ಎಂ.ಟಿ.ಬಿ. ನಾಗರಾಜ್ 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು, 2019ರಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿಯಿಂದ ನಿಂತರು. ಬಿಜೆಪಿ ಸಂಸದರ ಮಗ ಶರತ್ ಬಚ್ಚೇಗೌಡ ಪಕ್ಷೇತರರಾಗಿ ಅವರನ್ನು ಸೋಲಿಸಿದರು. 2023ರಲ್ಲಿ ಅದೇ ಶರತ್ ಕಾಂಗ್ರೆಸ್ಸಿನಿಂದ ನಿಂತು, ಬಿಜೆಪಿಯ ಅದೇ ನಾಗರಾಜ್ ಅವರನ್ನು ಮತ್ತೆ ಸೋಲಿಸಿದರು. ಜರ್ಸಿ ಅದಲುಬದಲಾಯಿತು, ಆಟಗಾರರು ಅವರೇ, ಪಿಚ್ಚೂ ಅದೇ. ಐಪಿಎಲ್‌ನಲ್ಲಿ ಆಟಗಾರನ ಒಪ್ಪಿಗೆ ಇಲ್ಲದೆ ಟ್ರೇಡ್ ನಡೆಯುವಂತಿಲ್ಲ ಎಂಬ ನಿಯಮವಿದೆ. ಪ್ರೇಕ್ಷಕರ ಒಪ್ಪಿಗೆ ಎರಡು ಕಡೆಯೂ ಬೇಕಿಲ್ಲ. ಆದರೆ ನಮ್ಮಲ್ಲಿ ಕೊನೆಗೊಂದು ದಿನ ಬಟನ್ ಒತ್ತುವುದಕ್ಕಾದರೂ ಕರೆಯುತ್ತಾರೆ.

ಈಗ ಅಸಲು ಮಾತು. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ಹರಾಜು ನಡೆದಾಗ ನಮ್ಮ ಕಟ್ಟೆ ನಿಮ್ಮನ್ನು ಬೈದಷ್ಟು ಯಾರನ್ನೂ ಬೈದಿರಲಿಲ್ಲ. ರಾಹುಲ್ ಬರಲಿಲ್ಲ. ಸಿರಾಜ್ ಗುಜರಾತಿಗೆ ಹೋದರು. ಅದರ ಬದಲು ನೀವು ತಂದಿದ್ದು 12.5 ಕೋಟಿಗೆ ಜೋಶ್ ಹೇಜಲ್‌ವುಡ್, 10.75 ಕೋಟಿಗೆ ಭುವನೇಶ್ವರ್ ಕುಮಾರ್, 5.75 ಕೋಟಿಗೆ ಕೃಣಾಲ್ ಪಾಂಡ್ಯ. "ಮುದುಕರ ಸಂಘ ಕಟ್ಟವ್ರೆ ಕಣಣ್ಣ" ಅಂತ ತೀರ್ಪು ಬಂತು. ಟೂರ್ನಿ ಶುರುವಾಗಿ ಚಿನ್ನಸ್ವಾಮಿಯಲ್ಲಿ ಮೊದಲ ಮೂರೂ ಮ್ಯಾಚ್ ಸೋತಿರಿ. ಮೂರರಲ್ಲೂ ಎದುರಿಗೆ ನಿಮ್ಮ ಮನೆಯಲ್ಲೇ ಉಂಡವರು: ಒಂದರಲ್ಲಿ ಸಿರಾಜ್, ಒಂದರಲ್ಲಿ ರಾಹುಲ್, ಒಂದರಲ್ಲಿ ಚಹಲ್. ರಾಹುಲ್ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಜಾಗ ಅಂದರು. ನಮ್ಮವರು ಸೋತಿದ್ದಕ್ಕೆ ಅಳಬೇಕೋ, ನಮ್ಮವನು ಹೊಡೆದಿದ್ದಕ್ಕೆ ಕುಣಿಯಬೇಕೋ ತಿಳಿಯದೆ ಕಟ್ಟೆ ಎರಡು ಹೋಳಾಯಿತು.

ಆದರೆ ಹೊರಗಡೆಯ ಲೀಗ್ ಮ್ಯಾಚ್ ಏಳಕ್ಕೆ ಏಳೂ ಗೆದ್ದಿರಿ. ಅಂಥದ್ದನ್ನು ಐಪಿಎಲ್‌ನಲ್ಲಿ ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ. ಹೇಜಲ್‌ವುಡ್ 22 ವಿಕೆಟ್ ತೆಗೆದರು. ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ ನೀವು ಹೊಡೆದಿದ್ದು 190. ಹಳೇ ಆರ್‌ಸಿಬಿ ಆಗಿದ್ದರೆ ಅದು ಸೋಲುವ ಸ್ಕೋರು. ಕೃಣಾಲ್ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದರು, 6 ರನ್ನಿಂದ ಗೆದ್ದಿರಿ. ಮುದುಕರ ಸಂಘವೇ ಗೆಲ್ಲಿಸಿತು. ಮರುದಿನ ಬೆಳಿಗ್ಗೆ ಕಟ್ಟೆಯಲ್ಲಿ ವಿಚಾರಿಸಿದರೆ, ಕೃಣಾಲ್ ಅವರನ್ನು ಕೊಳ್ಳಿ ಎಂದು ಮೊದಲು ಹೇಳಿದವರೇ ಹದಿನೈದು ಜನ ಸಿಕ್ಕರು.

ಅಂದರೆ ಹದಿನೇಳು ವರ್ಷ ನೀವು ಬಣ್ಣ ಹೊಡೆದ ಕೊಂಬು ನೋಡಿ ದುಡ್ಡು ಕೊಟ್ಟಿರಿ, ಒಂದು ವರ್ಷ ಹೆಜ್ಜೆ ನೋಡಿ ಕೊಟ್ಟಿರಿ. ಗೇಲ್ 175 ಹೊಡೆದ 2013ರಲ್ಲೂ ಕಪ್ ಬರಲಿಲ್ಲ, ಕೊಹ್ಲಿ 973 ಹೊಡೆದ 2016ರಲ್ಲೂ ಬರಲಿಲ್ಲ. ನಿಮ್ಮ ಹೆಣ್ಣುಮಕ್ಕಳ ತಂಡ ಈ ಪಾಠವನ್ನು ಎರಡನೇ ವರ್ಷಕ್ಕೇ ಕಲಿತಿತ್ತು. 2024ರ ಮಾರ್ಚಿನ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ತೆಗೆದ ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲ್ ಅವರನ್ನು ನೀವು ಹರಾಜಿನಲ್ಲಿ ತಂದಿದ್ದು 10 ಲಕ್ಷಕ್ಕೆ. ಆ ಹುಡುಗಿಯನ್ನು ಯಾರಾದರೂ ಟ್ರೇಡ್ ಕೇಳಿದರೆ ಫೋನ್ ಇಟ್ಟುಬಿಡಿ.

ಇನ್ನೊಂದು ವಿಷಯವಿದೆ, ಇದರಲ್ಲಿ ತಮಾಷೆ ಇಲ್ಲ. ಜೂನ್ 4ರಂದು ಚಿನ್ನಸ್ವಾಮಿಯ ಗೇಟುಗಳಲ್ಲಿ ಕಾಲ್ತುಳಿತಕ್ಕೆ 11 ಜನ ಸತ್ತರು. ಕಪ್ ನೋಡಲು ಬಂದವರು, ಹೆಚ್ಚಿನವರು ಎಳೆಯರು. ಸರ್ಕಾರ ನೇಮಿಸಿದ ಕುನ್ಹಾ ಆಯೋಗ ನಿಮ್ಮನ್ನೂ ಹೊಣೆಗಾರರ ಸಾಲಿನಲ್ಲಿ ನಿಲ್ಲಿಸಿತು. ಆಗಸ್ಟಿನಲ್ಲಿ ನೀವು ಪ್ರತಿ ಕುಟುಂಬಕ್ಕೆ 25 ಲಕ್ಷ ರೂಪಾಯಿ ಘೋಷಿಸಿದಿರಿ. ಜೆಡ್ಡಾ ಹರಾಜಿನಲ್ಲಿ ಆಟಗಾರನೊಬ್ಬನ ಅತಿ ಕಡಿಮೆ ಮೂಲಬೆಲೆ 30 ಲಕ್ಷ ಇತ್ತು. ಎರಡೂ ಅಂಕಿ ಅಕ್ಕಪಕ್ಕ ಇಟ್ಟಿದ್ದೇವೆ, ಓದಿಕೊಳ್ಳಿ.

ಕಳೆದ ವಾರ ಬಂದ ಸುದ್ದಿ ನೋಡಿದ ಮೇಲೆ ಈ ಪತ್ರ ಯಾರಿಗೆ ಬರೆಯಬೇಕೆಂಬುದೇ ಗೊಂದಲವಾಗಿದೆ. ನಿಮ್ಮ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ತಂಡದಲ್ಲಿನ ಹೂಡಿಕೆಯನ್ನು ಮರುಪರಿಶೀಲಿಸುತ್ತಿದೆ, 2026ರ ಮಾರ್ಚ್ 31ರೊಳಗೆ ಮುಗಿಸುವ ನಿರೀಕ್ಷೆ ಇದೆ ಎಂದು ಷೇರುಪೇಟೆಗೆ ತಿಳಿಸಿದೆಯಂತೆ. ನಮ್ಮ ಕಟ್ಟೆಯ ಮೇಲೆ ಸೈಟು ದಲ್ಲಾಳಿಗಳೂ ಕೂರುತ್ತಾರೆ. ಅವರು ಅದನ್ನು ಓದಿ, "ಪಾರ್ಟಿ ಮಾರೋಕೆ ರೆಡಿ ಅದೆ" ಅಂತ ಒಂದೇ ಮಾತಲ್ಲಿ ಅನುವಾದಿಸಿದರು. ಹದಿನೆಂಟು ವರ್ಷ ಕಾದು ಮೊದಲ ಬೆಳೆ ಬಂದ ವರ್ಷವೇ ತೋಟ ಮಾರುವ ನಿಮ್ಮ ಲೆಕ್ಕಾಚಾರ ನಮಗೆ ಅರ್ಥವಾಗುತ್ತದೆ. ರೇಟು ಇರುವುದು ಈಗಲೇ.

ಮಾರಿಕೊಳ್ಳಿ. ಆದರೆ ಕಾಗದಪತ್ರ ಕೈ ಬದಲಾಗುವಾಗ ಈ ಪತ್ರವನ್ನೂ ಸೇರಿಸಿ ಹೊಸ ಮಾಲೀಕರಿಗೆ ಕೊಡಿ. ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಮೂವರನ್ನೂ ಬಿಡುವಂತಿಲ್ಲ. ರಾಹುಲ್ ಸಿಕ್ಕರೆ ತರಲಿ, ಬೌಲರನ್ನು ಕೊಟ್ಟು ತರುವುದು ಬೇಡ. ಮತ್ತೆ ಕಪ್ ಗೆದ್ದರೆ, ಮೆರವಣಿಗೆಯ ಪೋಸ್ಟರ್ ಹಾಕುವ ಮೊದಲು ಯಾವ ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಜನಕ್ಕೆ ತಿಳಿಸಲಿ.

ಇಂತಿ,
ಜಡಿಗೇನಹಳ್ಳಿ ಕಟ್ಟೆಯವರ ಪರವಾಗಿ
ಒಬ್ಬ ಅಭಿಮಾನಿ