ಕಾಸಿಗೆ ತಕ್ಕ ಕಡಲು

ಮಕ್ಕಳನ್ನು ಕಟ್ಟಿಕೊಂಡು ಕೆರಿಬಿಯನ್ ಕ್ರೂಸ್‌ಗೆ ಹೊರಡುವ ಅಮೆರಿಕದ ಅಪ್ಪಂದಿರ ಲೆಕ್ಕಾಚಾರ ಕಂಡರೆ, ಮದುವೆ ಛತ್ರ ಗೊತ್ತುಮಾಡುವವರೂ ನಾಚಬೇಕು.

ಡಿಸ್ನಿ ಹಡಗಿನ ಟಿಕೆಟ್ ದರ ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆದರೆ ಊಟದ ಜೊತೆ ಕೋಲಾ ಪುಕ್ಕಟೆ. ರಾತ್ರಿಗೊಂದು ರೆಸ್ಟೋರೆಂಟ್ ಬದಲಾದರೂ ಬಡಿಸುವವರು ಅವರೇ, ನಿಮ್ಮ ಹಿಂದೆಯೇ ಬರುತ್ತಾರೆ. ಪುಟ್ಟಿಗೆ ಯಾವುದರ ಮೇಲೆ ಕೆಚಪ್ ಬೇಕೆಂಬುದು ಅಷ್ಟರಲ್ಲೇ ಅವರಿಗೆ ಬಾಯಿಪಾಠ!

ರಾಯಲ್ ಕೆರಿಬಿಯನ್‌ನವರು 2024ರಲ್ಲಿ ಯಾನಕ್ಕೆ ಬಿಟ್ಟ ‘ಐಕಾನ್ ಆಫ್ ದಿ ಸೀಸ್’ನಲ್ಲಿ 20 ಅಂತಸ್ತು, 7 ಈಜುಕೊಳ, 6 ನೀರು ಜಾರುಬಂಡೆ. ಸುತ್ತ ಸಮುದ್ರವೂ ಇತ್ತೆಂದು ಹುಡುಗರಿಗೆ ಗೊತ್ತಾಗುವುದು ಇಳಿಯುವಾಗಲೇ.

ಕಾರ್ನಿವಲ್ ಕಂಪನಿಯ ಹಡಗು ಜೇಬಿಗೆ ಹಗುರ. ಕೋನ್ ಐಸ್‌ಕ್ರೀಮ್ ಹಗಲಿರುಳೂ ಬಿಟ್ಟಿ. ‘ಮಾರ್ಡಿ ಗ್ರಾ’ ಹಡಗಿನ ರೋಲರ್ ಕೋಸ್ಟರ್ ಹತ್ತಲು ಮಾತ್ರ ಮತ್ತೆ ದುಡ್ಡು ಬಿಚ್ಚಬೇಕು. ‘ಒಂದೇ ಒಂದು ಸಲ ಅಪ್ಪಾ’ ಎಂಬ ರಾಗ ಶುರುವಾದರೆ ಅಗ್ಗದ ಟಿಕೆಟ್ಟಿನ ಲಾಭ ಗೋವಿಂದ.

ಮೂರೂ ಕಡೆ ಹಗಲಿನ ಮಕ್ಕಳ ಕ್ಲಬ್ಬಿಗೆ ಬೇರೆ ಶುಲ್ಕವಿಲ್ಲ. ಹಾಗಾಗಿ ಟಿಕೆಟ್ಟಿಗೆ ಟಿಪ್ಸು, ವೈಫೈ ಎಲ್ಲ ಕೂಡಿಸಿ ನೋಡಿ. ಯಾವ ಹಡಗಿನ ಕ್ಲಬ್ಬಿನಿಂದ ನಿಮ್ಮ ಮಗು ಹೊರಬರಲು ಒಲ್ಲೆನೆಂದು ಅಳುತ್ತದೋ, ಅದೇ ಲಾಭದ ಹಡಗು!