ವೃಷಭಾವತಿ ಒಯ್ದ ಚೀಟಿ

2022ರ ಸೆಪ್ಟೆಂಬರ್ ಮೊದಲ ವಾರ. ಒಂದೇ ದಿನದಲ್ಲಿ ಬೆಂಗಳೂರಿಗೆ 131.6 ಮಿಲಿಮೀಟರ್ ಮಳೆ. ಯಮಲೂರಿನಲ್ಲಿ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೊರಟರು, ಕ್ಯಾಮೆರಾಗಳೂ ಅತ್ತಲೇ ಓಡಿದವು. ಕೆಂಗೇರಿಯ ನಿವೃತ್ತ ಮೇಷ್ಟ್ರ ಮನೆಗೆ ಬಂದದ್ದು ನೀರು ಮಾತ್ರ.

ಪ್ಯಾಂಟು ಮಡಚಿಕೊಂಡೇ ಅವರು ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತಿದರು.

“ಬಿ.ಪಿ. ಮಾತ್ರೆ ಕೊಡಪ್ಪಾ, ಆಮ್ಲೋಡಿಪಿನ್.”

“ಚೀಟಿ ಕೊಡಿ ಮೇಷ್ಟ್ರೇ.”

“ವೃಷಭಾವತಿ ತಗೊಂಡು ಹೋದ್ಲು.”

“ಚೀಟಿ ಇಲ್ದೆ ಕೊಡೋ ಹಾಗಿಲ್ಲ. ಶೆಡ್ಯೂಲ್ ಎಚ್. 1945ರ ರೂಲ್ಸು.”

“ಹೋದ ವಾರ ಪಕ್ಕದ್ಮನೆಯವನು ಕೆಮ್ಮಿದ ಸದ್ದಿಗೇ ಆಂಟಿಬಯೋಟಿಕ್ ಕೊಟ್ಯಲ್ಲೋ!”

“ಆಗ ರೂಲ್ಸು ನೆನಪಾಗ್ಲಿಲ್ಲ.”

“ಇನ್ಸುಲಿನ್ನೂ ಬೇಕು, ಮನೆಯವಳಿಗೆ. ಫ್ರಿಜ್ಜು ತೇಲ್ತಿದೆ.”

ಕರೆಂಟು ಹೋದ ಮಾತ್ರಕ್ಕೆ ಇನ್ಸುಲಿನ್ ಕೆಡುವುದಿಲ್ಲ. 30 ಡಿಗ್ರಿ ಮೀರದಿದ್ದರೆ ಸಾಮಾನ್ಯವಾಗಿ 28 ದಿನ ಬಾಳುತ್ತದೆ. ನೆರೆನೀರು ಸೋಕಿದ್ದನ್ನು ಮಾತ್ರ ಎಸೆಯಬೇಕು. ವೃಷಭಾವತಿಯಲ್ಲಿ ಹರಿಯುವುದಂತೂ ಊರ ಕೊಳಚೆ, ನದಿ ಅನ್ನುವುದು ಸೌಜನ್ಯಕ್ಕೆ.

“ಡಾಕ್ಟರ್ ಹತ್ರ ಫೋನಲ್ಲಿ ಚೀಟಿ ತರಿಸಿ.”

ಅಂಗಡಿ ಹುಡುಗ ಹೇಳಿದ್ದು ಸರಿಯೇ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ವೈದ್ಯರು ಸಹಿ ಹಾಕಿದ ಚೀಟಿಯ ಫೋಟೊ ಕಳಿಸಬಹುದು.

“ಫೋನು ಅಕ್ಕಿ ಡಬ್ಬದಲ್ಲಿ ಒಣಗ್ತಿದೆ ಕಣಯ್ಯಾ.”

ಕೊನೆಗೆ ಹೂವಿನಂಗಡಿಯಾಕೆಯ ಮೊಬೈಲಿಗೆ ಚೀಟಿ ಬಂತು. ಹುಡುಗ ಅದನ್ನು ಹಿಗ್ಗಿಸಿ, ತಿರುಗಿಸಿ, ಭಕ್ತಿಯಿಂದ ಓದಿದ.

“ಸ್ಟಾಕಿಲ್ಲ. ಗೋಡೌನಿಗೆ ನೀರು ನುಗ್ಗಿದೆ.”

“ಮೊದಲೇ ಹೇಳಬಾರ್ದಿತ್ತಾ?”

“ಚೀಟಿ ನೋಡ್ದೆ ಹೇಗೆ ಹೇಳೋದು ಮೇಷ್ಟ್ರೇ?”