ಅಟ್ಟಶಾಸ್ತ್ರ ಪ್ರವೇಶಿಕೆ

ಯಾವ ಶಾಸ್ತ್ರವಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಮಿಕ್ಸಿ ಜಾರಿನ ಮುಚ್ಚಳಕ್ಕಾಗಿ ಸ್ಟೂಲು ಹತ್ತಿ, ಅಟ್ಟದೊಳಕ್ಕೆ ತಲೆ ತೂರಿಸಿ, ಹುಡುಕಿದ್ದು ಸಿಗದೆ ಹುಡುಕದ್ದೆಲ್ಲ ಮೈಮೇಲೆ ಬೀಳಿಸಿಕೊಂಡವರೇ ಈ ಶಾಸ್ತ್ರಕ್ಕೆ ಅಧಿಕಾರಿಗಳು. ಮನೆಯಲ್ಲಿ ಇರತಕ್ಕದ್ದು ಯಾವುದು, ಹೊರಡತಕ್ಕದ್ದು ಯಾವುದು ಎಂಬುದು ವಿಷಯ. ವಸ್ತುವಿಗೂ ಮನೆಯವರಿಗೂ ಇರುವ ಸಂಬಂಧ ಋಣಾನುಬಂಧ. ಒಗೆದ ಬಟ್ಟೆಯ ರಾಶಿ ಸರಿಸದೆ ಸೋಫಾದ ಮೇಲೆ ಕೂರುವುದು ಪ್ರಯೋಜನ. ಅದನ್ನೇ ಮೋಕ್ಷವೆಂದು ಕರೆದರೂ ನಮ್ಮ ಆಕ್ಷೇಪವಿಲ್ಲ.

ಮೊದಲು ಪೂರ್ವಪಕ್ಷ. ಏನನ್ನೂ ಎಸೆಯಕೂಡದೆಂಬುದು ಈ ಪಂಥದ ನಿಲುವು. ಪ್ರತಿ ಮನೆಯಲ್ಲೂ ಇದಕ್ಕೊಬ್ಬರು ಆಚಾರ್ಯರಿರುತ್ತಾರೆ, ಹೆಚ್ಚಾಗಿ ಅತ್ತೆ, ಒಮ್ಮೊಮ್ಮೆ ನಿವೃತ್ತರಾದ ಮಾವ. "ಇರ್ಲಿ ಬಿಡಮ್ಮ, ಅದೇನು ಅನ್ನ ಕೇಳುತ್ತಾ?" ಎಂಬುದು ಅವರ ಮೂಲ ಪ್ರಮಾಣ. ಇದನ್ನು ಖಂಡಿಸುವುದು ಸುಲಭವಲ್ಲ. ಬಳಸದೆ ಬಿಟ್ಟ ಕಂಚಿನ ತಟ್ಟೆಯಾಗಲಿ, ಸಣ್ಣ ಪಿನ್ನಿನ ಹಳೆಯ ನೋಕಿಯಾ ಚಾರ್ಜರ್ ಆಗಲಿ, ಯಾವತ್ತೂ ಅನ್ನ ಕೇಳಿದ್ದಿಲ್ಲ.

ಈ ಪಂಥದವರು ಚರಿತ್ರೆಯಿಂದಲೂ ಸಾಕ್ಷ್ಯ ತರುತ್ತಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟಿನಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಆ ಪಂಡಿತರ ಮನೆಯಲ್ಲಿ ಯುಗಾದಿಗೆ ಅಟ್ಟ ಗುಡಿಸುವ ಅಚ್ಚುಕಟ್ಟಿನ ಸೊಸೆಯೊಬ್ಬಳಿದ್ದಿದ್ದರೆ ಕೌಟಿಲ್ಯನ ಗತಿ ಬಚ್ಚಲೊಲೆಯೇ ಅಲ್ಲವೇ?

ಸಿದ್ಧಾಂತಿಯ ಉತ್ತರ ಇದು. ಗ್ರಂಥ ಬೆಳಕು ಕಂಡದ್ದು ಮನೆಯಲ್ಲಿಟ್ಟುಕೊಂಡದ್ದರಿಂದಲ್ಲ, ಹೊರಗೆ ಕೊಟ್ಟದ್ದರಿಂದ. ಕೊಟ್ಟದ್ದಾದರೂ ಓದಬಲ್ಲವರ ಕೈಗೆ. ಅದೂ ಅಲ್ಲದೆ, ಪೂರ್ವಪಕ್ಷಿಗಳು ಸಾಕ್ಷಿಗೆ ತಂದ ಪುಸ್ತಕವನ್ನು ತೆರೆದು ನೋಡಿದಂತಿಲ್ಲ. ಉಗ್ರಾಣದ ಮೇಲ್ವಿಚಾರಕನಾದ ಕೋಷ್ಠಾಗಾರಾಧ್ಯಕ್ಷನಿಗೆ ಕೌಟಿಲ್ಯ ವಿಧಿಸಿದ್ದು ಸ್ಪಷ್ಟವಾಗಿದೆ: ಕೂಡಿಟ್ಟದ್ದರಲ್ಲಿ ಅರ್ಧ ಆಪತ್ತಿಗೆ, ಅರ್ಧ ಬಳಕೆಗೆ, ಹಳೆಯದು ಖರ್ಚಾದಂತೆ ಹೊಸದು ತುಂಬಬೇಕು. ನಮ್ಮ ಅಟ್ಟದಲ್ಲಿ ಇಡಿಯಷ್ಟೂ ಆಪತ್ತಿಗೆ. ಆಪತ್ತು ಬಂದಾಗ ಮಾತ್ರ ಯಾವುದು ಎಲ್ಲಿದೆಯೆಂದು ತಿಳಿಯದೆ ಅಂಗಡಿಗೆ ಓಡಿ ಹೊಸದನ್ನೇ ತರುತ್ತೇವೆ. ಹಾಗೆ ತಂದ ಟಾರ್ಚುಗಳು ಒಂದೊಂದು ಮನೆಯಲ್ಲಿ ನಾಲ್ಕಿರುತ್ತವೆ, ನಾಲ್ಕಕ್ಕೂ ಸೆಲ್ ಇರುವುದಿಲ್ಲ.

ಇನ್ನು ವರ್ಗೀಕರಣ. 1933ರಲ್ಲಿ ಕೋಲನ್ ವರ್ಗೀಕರಣ ಹೊರತಂದ, 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು ಯಾವ ವಿಷಯವನ್ನಾದರೂ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದರಲ್ಲಿ ಬಿಡಿಸಬಹುದೆಂದರು. ಅವರು ಹೇಳಿದ್ದು ಪುಸ್ತಕಗಳಿಗೆ. ಮದುವೆಮನೆಯ ತಾಂಬೂಲದ ಚೀಲಕ್ಕೆ ಅನ್ವಯಿಸುವ ಧೈರ್ಯ ನಮ್ಮದು. ವ್ಯಕ್ತಿತ್ವ: ಚೀಲದ ಮೇಲೆ ಅಚ್ಚಾದ ವಧೂವರರ ಹೆಸರು. ದ್ರವ್ಯ: ಅತ್ತ ಬಟ್ಟೆಯೂ ಅಲ್ಲದ ಇತ್ತ ಪ್ಲಾಸ್ಟಿಕ್ ಎಂದೂ ಒಪ್ಪಿಕೊಳ್ಳದ ಒಂದು ಪದಾರ್ಥ. ಶಕ್ತಿ: ಒಂದು ತೆಂಗಿನಕಾಯಿ ಹೊರುತ್ತದೆ, ಎರಡಾದರೆ ಹಿಡಿ ಕಿತ್ತು ಕೈಗೆ ಬರುತ್ತದೆ. ದೇಶ: ಅಡುಗೆಮನೆ ಬಾಗಿಲ ಹಿಂದಿನ ಮೊಳೆ. ಕಾಲ: ಮುಹೂರ್ತದ ದಿನಾಂಕ, ಆ ದಂಪತಿಯ ಮಗ ಈಗ ಪಿಯುಸಿ ಓದುತ್ತಿದ್ದಾನೆ. ಅದೇ ಮೊಳೆಗೆ ನೇತುಬಿದ್ದಿರುವ, ಕವರುಗಳನ್ನೇ ತುಂಬಿಸಿದ ಕವರು ಇನ್ನೂ ಜಟಿಲ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕ್ಯಾರಿಬ್ಯಾಗುಗಳನ್ನು ನಿಷೇಧಿಸಿದ್ದರಿಂದ ಅವಕ್ಕೆ ಪ್ರಾಚ್ಯವಸ್ತುಗಳ ಮಾನ್ಯತೆ ಸಲ್ಲಬೇಕೆಂದು ಮೇಲೆ ಹೇಳಿದ ಆಚಾರ್ಯರ ಅಭಿಪ್ರಾಯ.

ಬ್ಲೌಸ್ ಪೀಸಿನದು ಬೇರೆಯೇ ಪ್ರಕರಣ. 1922ರಲ್ಲಿ ಮಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞರು ಟ್ರೋಬ್ರಿಯಾಂಡ್ ದ್ವೀಪಗಳ 'ಕುಲಾ' ವಿನಿಮಯವನ್ನು ವರ್ಣಿಸಿದರು: ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ಸುತ್ತು, ಬಿಳಿ ಚಿಪ್ಪಿನ ತೋಳಬಳೆಗಳು ಅದಕ್ಕೆ ಎದುರು ಸುತ್ತು, ಯಾರೂ ಶಾಶ್ವತವಾಗಿ ಇಟ್ಟುಕೊಳ್ಳುವಂತಿಲ್ಲ. ಅಷ್ಟು ದೂರ ಹಡಗಿನಲ್ಲಿ ಹೋಗುವ ಬದಲು ಅವರು ವರಮಹಾಲಕ್ಷ್ಮಿ ಹಬ್ಬದ ಸಂಜೆ ಬಸವನಗುಡಿಯ ಯಾವುದಾದರೂ ಬೀದಿಯಲ್ಲಿ ನಿಂತಿದ್ದರೆ ಸಾಕಿತ್ತು. ಕುಂಕುಮಕ್ಕೆ ಕರೆದ ಮನೆಯಿಂದ ಹೊರಟ ಗಿಳಿಹಸಿರಿನ ಪೀಸು ಗೌರಿ ಹಬ್ಬದ ಹೊತ್ತಿಗೆ ಇಡೀ ಬೀದಿ ಸುತ್ತಿ, ಮಡಿಕೆ ಬಿಚ್ಚದೆ, ಮೂಲೆಯ ಚೀಟಿಯನ್ನೂ ಕಳಚಿಕೊಳ್ಳದೆ ತವರಿಗೆ ಬಂದು ಸೇರುತ್ತದೆ. ಹೊಲಿಸುವವರು ಸಮಾಜದ್ರೋಹಿಗಳು. ಆದ್ದರಿಂದ ಬ್ಲೌಸ್ ಪೀಸನ್ನು ಬೇಡದ ಸಾಮಾನೆಂದು ಎಣಿಸಕೂಡದು. ಅದು ಚಲಾವಣೆಯ ನಾಣ್ಯ. ಒಂದೇ ಡಬ್ಬಿಯಲ್ಲಿಟ್ಟು, ಕೊಟ್ಟವರ ಹೆಸರು ಬರೆದಿಡುವುದು ಕ್ಷೇಮ. ಕೊಟ್ಟವರಿಗೇ ಕೊಟ್ಟರೆ ಸಂಬಂಧಗಳು ಹಳಸುತ್ತವೆ.

ಜಪಾನಿನ ಮಾರಿ ಕೊಂಡೊ ಅವರ ಮತವನ್ನು ಕಡೆಗಣಿಸಲಾಗದು. ವಸ್ತುವನ್ನು ಕೈಯಲ್ಲಿ ಹಿಡಿದು, ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಂಡು, ಕೊಡದಿದ್ದರೆ ಕಳಿಸಿಬಿಡಿ ಎನ್ನುತ್ತಾರೆ. ಈ ಪರೀಕ್ಷೆಯಲ್ಲಿ ರೇಷನ್ ಕಾರ್ಡು, ಕುಕ್ಕರಿನ ಗ್ಯಾಸ್ಕೆಟ್ಟು, ಬೆಸ್ಕಾಂ ರಸೀದಿ ಮೂರೂ ನಪಾಸು. ಮೂರನೆಯ ಮಗುವಾದ ಮೇಲೆ ತಮ್ಮ ಮನೆಯಲ್ಲೂ ಆ ಅಚ್ಚುಕಟ್ಟು ಉಳಿದಿಲ್ಲವೆಂದು 2023ರಲ್ಲಿ ಅವರೇ ಒಪ್ಪಿಕೊಂಡರು. ಅಂದಿನಿಂದ ನಮಗೆ ಅವರ ಮೇಲೆ ಗೌರವ ಹೆಚ್ಚಿದೆ.

ಕೊನೆಗೆ ಪ್ರಯೋಗಕಾಂಡ. ಆರಂಭಿಕರು ಅಟ್ಟಕ್ಕೆ ಕೈ ಹಾಕಕೂಡದು, ಟಿವಿ ಸ್ಟ್ಯಾಂಡಿನ ಒಂದು ಡ್ರಾಯರ್ ಸಾಕು. ಹಳೆಯ ಪೇಪರ್ ಹಾಸಿ ಅದರ ಮೇಲೆ ಎಲ್ಲವನ್ನೂ ಸುರಿಯಿರಿ. ಬೀಗವಿಲ್ಲದ ಕೀಲಿಗಳು, ರೀಫಿಲ್ ಒಣಗಿದ ಪೆನ್ನು, ದಿನಾಂಕ ಮುಗಿದ ಮಾತ್ರೆಯ ಪಟ್ಟಿ, ಯಾವ ಅಂಗಿಯದೋ ಗುಂಡಿ. ಇಟ್ಟುಕೊಳ್ಳುವುದು, ಕೊಡುವುದು, ಬಿಸಾಡುವುದು ಎಂದು ಮೂರೇ ಗುಡ್ಡೆ ಮಾಡಿ. 'ಆಮೇಲೆ ನೋಡೋಣ' ಎಂಬ ನಾಲ್ಕನೆಯದಕ್ಕೆ ಜಾಗ ಕೊಟ್ಟಿರೋ, ಉಳಿದ ಮೂರನ್ನೂ ಅದೇ ನುಂಗುತ್ತದೆ. ಹಳೆಯ ಸೆಲ್ಲು, ಚಾರ್ಜರುಗಳು ಹಸಿ ಕಸಕ್ಕೂ ಅಲ್ಲ, ಒಣ ಕಸಕ್ಕೂ ಅಲ್ಲ. ಇ-ತ್ಯಾಜ್ಯಕ್ಕೆ ಬೇರೆ ಇಡಬೇಕು. 'ಕೊಡುವುದು' ಗುಡ್ಡೆ ಅವತ್ತೇ ಹೊಸ್ತಿಲು ದಾಟಬೇಕು, ರಾತ್ರಿ ಕಳೆದರೆ ಅರ್ಧ ವಾಪಸು ಒಳಗಿರುತ್ತದೆ. ಜೋಡಿಸಲೆಂದು ಹೊಸ ಡಬ್ಬಗಳನ್ನು ಮೊದಲೇ ಕೊಳ್ಳಬೇಡಿ. ಖಾಲಿ ಡಬ್ಬ ಕಂಡರೆ ಸಾಮಾನು ತಾನೇ ಹುಟ್ಟುತ್ತದೆ. ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳನ್ನು ಕರೆಯುವ ಮುನ್ನವೂ ಯೋಚಿಸಿ: ಮೂರು ಸೀರೆ ಹೋಗಿ ಒಂದು ಬೇಸಿನ್ ಬರುತ್ತದೆ, ಸೀರೆಯನ್ನಾದರೂ ಮಡಚಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಡ್ರಾಯರ್ ನಿಮ್ಮದೇ ಆಗಿರತಕ್ಕದ್ದು. ಪರರ ಡ್ರಾಯರ್ ತೆಗೆದವರ ಗತಿಯನ್ನು ಯಾವ ಶಾಸ್ತ್ರವೂ ವಿವರಿಸಿಲ್ಲ, ಭಯದಿಂದಲೇ ಇರಬೇಕು.

ಟಿವಿಯ ರಟ್ಟಿನ ಪೆಟ್ಟಿಗೆಯ ವಿಚಾರವನ್ನು ಇಲ್ಲಿ ಎತ್ತಿಕೊಂಡಿಲ್ಲ. ಮನೆ ಬದಲಾಯಿಸುವಾಗ ಬೇಕೆಂದು ಒಂದು ವಾದ. ಟಿವಿಯನ್ನೇ ಗುಜರಿಗೆ ಹಾಕಿಯಾಗಿದೆಯೆಂದು ಪ್ರತಿವಾದ. ಥರ್ಮೋಕೋಲು ಇನ್ನೂ ಗಟ್ಟಿಯಾಗಿದೆಯೆಂದು ಮರುವಾದ. ಇದು ಎರಡನೆಯ ಅಧ್ಯಾಯದ ವಸ್ತು. ಅದರ ಟಿಪ್ಪಣಿಗಳು ಆ ಪೆಟ್ಟಿಗೆಯೊಳಗೇ ಇವೆ, ವ್ಯಾಜ್ಯ ಇತ್ಯರ್ಥವಾಗುವವರೆಗೆ ಮುಟ್ಟುವಂತಿಲ್ಲ.